ಬೈ ಸಿಕ್ಕಿದವರಿಗೆ ವಿಶ್ರಾಂತಿ, ಸಿಗದವರಿಗೆ?

ಕಾಲೇಜು ಬಾಸ್ಕೆಟ್‌ಬಾಲ್ ತಂಡದಲ್ಲಿರುವ ಹುಡುಗ ಸಂಜೆ ಮನೆಗೆ ಬಂದು "ಅಜ್ಜೀ, ನಾಳೆ ನಮಗೆ ಬೈ ಸಿಕ್ಕಿದೆ" ಎಂದರೆ ಅಜ್ಜಿಗೆ ಗಾಬರಿಯಾಗುವುದು ಸಹಜ. "ಯಾರು ಮಗಾ ಬೈದದ್ದು?" ಎಂದು ಕೇಳಿಯಾರು. ಹಟ್ಟಿಯ ಕೆಲಸದಲ್ಲಿದ್ದರೆ ಬೈಹುಲ್ಲಿನ ಮಾತೆಂದು ತಿಳಿದಾರು. ಆದರೆ ಹುಡುಗನ ಮುಖದಲ್ಲಿ ನಗು ಇರುತ್ತದೆ. ಆಟದ ಭಾಷೆಯಲ್ಲಿ ಬೈ ಎಂದರೆ ಬೈಗಳೂ ಅಲ್ಲ, ಹುಲ್ಲೂ ಅಲ್ಲ. ಒಂದು ಸುತ್ತು ಆಡದೆಯೇ ಮುಂದಿನ ಸುತ್ತಿಗೆ ಹೋಗುವ ಭಾಗ್ಯ.

ಅದೇ ಸಂಜೆ ಕಡಬದ ಕಡೆಯ ಇನ್ನೊಂದು ಮನೆಯಲ್ಲಿ ಇನ್ನೊಬ್ಬ ಹುಡುಗ ಅಲಾರಾಂ ಇಟ್ಟು ಮಲಗುತ್ತಾನೆ. ಅವನ ಕಾಲೇಜಿಗೆ ಬೈ ಇಲ್ಲ. ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಪುತ್ತೂರು ಸೇರಬೇಕು, ಒಂಬತ್ತಕ್ಕೆ ಅಂಗಣಕ್ಕಿಳಿಯಬೇಕು. ಗೆದ್ದರೆ ಮತ್ತೆ ಆಡಬೇಕು, ಬೈ ಪಡೆದು ಆರಾಮವಾಗಿ ಹನ್ನೊಂದು ಗಂಟೆಗೆ ಬಂದಿಳಿದವರ ವಿರುದ್ಧ. ಸೋತು ಮನೆಗೆ ಬಂದಾಗ ಅಪ್ಪ "ಎರಡನೆಯ ಆಟದಲ್ಲಿ ನಿಮಗೆ ಓಡಲಿಕ್ಕೇ ಆಗಲಿಲ್ಲವಂತೆ?" ಎಂದು ಕೇಳಿದರೆ ಅವನು ಏನು ಹೇಳಬೇಕು?

ಬಲಿಷ್ಠ ತಂಡಕ್ಕೇ ಮತ್ತೆ ವಿಶ್ರಾಂತಿಯ ಉಡುಗೊರೆ ಕೊಡುವುದು ನ್ಯಾಯವೇ? ಪುತ್ತೂರು, ಸುಳ್ಯ, ಕಡಬಗಳ ಯಾವ ಕಾಲೇಜಿನ ಮೈದಾನದ ಬದಿಯಲ್ಲಿ ನಿಂತರೂ ಈ ಪ್ರಶ್ನೆ ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. ಉತ್ತರ ಹೇಳುವ ಮೊದಲು ಸ್ವಲ್ಪ ಲೆಕ್ಕ ಮಾಡಬೇಕು.

ಎರಡರ ಘಾತದ ಕಾಟ

ಸೋತವರು ಹೊರಗೆ, ಗೆದ್ದವರು ಒಳಗೆ ಎನ್ನುವ ನಾಕೌಟ್ ಪದ್ಧತಿಯಲ್ಲಿ ಪ್ರತಿ ಸುತ್ತಿನಲ್ಲೂ ತಂಡಗಳ ಸಂಖ್ಯೆ ಅರ್ಧವಾಗುತ್ತದೆ. ಕೊನೆಗೆ ಒಂದೇ ಉಳಿಯಬೇಕಾದರೆ ಆರಂಭದ ಸಂಖ್ಯೆ 2, 4, 8, 16, 32 ಹೀಗೆ ಎರಡರ ಘಾತವಾಗಿರಬೇಕು. ಕಾಲೇಜುಗಳು ಮಾತ್ರ ಗಣಿತ ನೋಡಿ ಹೆಸರು ಕೊಡುವುದಿಲ್ಲ. ಲೆಕ್ಕಕ್ಕಾಗಿ ಹನ್ನೊಂದು ತಂಡಗಳು ಬಂದಿವೆ ಎಂದಿಟ್ಟುಕೊಳ್ಳೋಣ. ಹನ್ನೊಂದರ ಮುಂದಿನ ಘಾತ 16. ಹದಿನಾರರಲ್ಲಿ ಹನ್ನೊಂದು ಕಳೆದರೆ ಐದು. ಈ ಐದೇ ಬೈಗಳ ಸಂಖ್ಯೆ. ಉಳಿದ ಆರು ತಂಡಗಳು ಮೂರು ಪಂದ್ಯ ಆಡಿ ಮೂರು ತಂಡಗಳಾಗುತ್ತವೆ; ಮೂರೂ ಐದೂ ಸೇರಿ ಎಂಟು. ಅಲ್ಲಿಂದ ಮುಂದೆ ದಾರಿ ಸಲೀಸು.

ಆದ್ದರಿಂದ ಬೈ ಯಾರೋ ಯಾರಿಗೋ ಮಾಡಿದ ಉಪಕಾರವಲ್ಲ. ಹನ್ನೊಂದು ತಂಡಗಳ ನಾಕೌಟ್‌ನಲ್ಲಿ ಐದು ತಂಡಗಳಿಗೆ ಬೈ ಕೊಡಲೇಬೇಕು. ಅದು ಯಾರ ಪಾಲಿಗೆ ಹೋಗಬೇಕು ಎಂಬಲ್ಲಿಂದ ಮಾತ್ರ ಮನುಷ್ಯರ ಕೆಲಸ ಶುರುವಾಗುತ್ತದೆ.

ಅದರ ಬೆಲೆ ಎಷ್ಟು ಎಂಬುದನ್ನು ಪಿಯುಸಿಯ ಸಂಭವನೀಯತೆಯ ಪಾಠ ಓದಿದವರು ಸುಲಭವಾಗಿ ಹೇಳಬಹುದು. ಹನ್ನೊಂದೂ ತಂಡಗಳು ಸಮಬಲದವು, ಪ್ರತಿ ಪಂದ್ಯದಲ್ಲಿ ಗೆಲ್ಲುವ ಅವಕಾಶ ಅರ್ಧ ಎಂದುಕೊಳ್ಳಿ. ಬೈ ಪಡೆದ ತಂಡ ಮೂರು ಪಂದ್ಯ ಗೆದ್ದರೆ ಕಪ್ಪು ಅದರದ್ದು. ಅದರ ಅವಕಾಶ ಎಂಟರಲ್ಲಿ ಒಂದು. ಬೈ ಸಿಗದ ತಂಡ ನಾಲ್ಕು ಗೆಲ್ಲಬೇಕು, ಹದಿನಾರರಲ್ಲಿ ಒಂದು. ಐದು ತಂಡಗಳ ಎಂಟರಲ್ಲೊಂದನ್ನೂ ಆರು ತಂಡಗಳ ಹದಿನಾರರಲ್ಲೊಂದನ್ನೂ ಕೂಡಿಸಿ ನೋಡಿ, ಸರಿಯಾಗಿ ಒಂದು ಬರುತ್ತದೆ. ಅಂದರೆ ಯಾರೂ ಒಂದು ಹನಿ ಬೆವರು ಸುರಿಸುವ ಮೊದಲೇ, ಕಾಗದದ ಮೇಲೆಯೇ, ಬೈ ಪಡೆದವರ ಅವಕಾಶ ಇಮ್ಮಡಿ.

ಈಗ ದಣಿವನ್ನು ಸೇರಿಸೋಣ. ಬೆಳಿಗ್ಗೆ ಆಡಿ ದಣಿದ ತಂಡದ ಅವಕಾಶ ಎರಡನೆಯ ಪಂದ್ಯದಲ್ಲಿ ಶೇಕಡಾ 50ರಿಂದ 40ಕ್ಕೆ ಇಳಿಯುತ್ತದೆ ಎಂದು ಊಹಿಸಿದರೆ ಅದರ ಒಟ್ಟು ಅವಕಾಶ ಇಪ್ಪತ್ತರಲ್ಲಿ ಒಂದಕ್ಕೆ ಬರುತ್ತದೆ. ಅದರೆದುರು ಆಡುವ ಬೈ ತಂಡದ್ದು ಇಪ್ಪತ್ತರಲ್ಲಿ ಮೂರಕ್ಕೆ ಏರುತ್ತದೆ. ಇಮ್ಮಡಿ ಇದ್ದದ್ದು ಮೂರು ಪಟ್ಟಾಯಿತು. ಈ 40 ಎಂಬುದು ಊಹೆಯ ಅಂಕಿ. ಆದರೆ ಇದರಿಂದ ಒಂದು ವಿಷಯ ತಿಳಿಯುತ್ತದೆ: ಬೈಯಲ್ಲಿ ಎರಡು ಲಾಭಗಳು ಅಡಗಿವೆ. ಒಂದು ಪಂದ್ಯ ಕಡಿಮೆ ಎನ್ನುವುದು ಮೊದಲನೆಯದು. ಎದುರಾಳಿ ದಣಿದಿರುತ್ತಾನೆ ಎನ್ನುವುದು ಎರಡನೆಯದು. ಮೊದಲನೆಯದನ್ನು ತಪ್ಪಿಸಲಿಕ್ಕಾಗುವುದಿಲ್ಲ. ಎರಡನೆಯದನ್ನು ತಪ್ಪಿಸಬಹುದು.

ದೊಡ್ಡ ಆಟಗಳಲ್ಲಿ ಏನಾಗುತ್ತಿದೆ?

ಮೇಲಿನ ಸ್ಥಾನದವರಿಗೆ ವಿಶ್ರಾಂತಿ ಕೊಡುವ ಪದ್ಧತಿಯನ್ನು ನಮ್ಮ ಮಕ್ಕಳು ಪ್ರತಿ ವರ್ಷ ಟಿ.ವಿ.ಯಲ್ಲಿ ನೋಡುತ್ತಲೇ ಇರುತ್ತಾರೆ. ಪ್ರೊ ಕಬಡ್ಡಿಯಲ್ಲಿ 2019ರ ಏಳನೆಯ ಸೀಸನ್‌ನಿಂದ 2024ರ ಹನ್ನೊಂದನೆಯ ಸೀಸನ್‌ವರೆಗೆ ಮೊದಲೆರಡು ಸ್ಥಾನ ಪಡೆದ ತಂಡಗಳು ನೇರವಾಗಿ ಸೆಮಿಫೈನಲ್‌ಗೆ ಹೋಗುತ್ತಿದ್ದವು. ಮೂರರಿಂದ ಆರನೆಯ ಸ್ಥಾನದವರು ಎಲಿಮಿನೇಟರ್ ಆಡಿ ಬರಬೇಕಿತ್ತು. ಈ ಐದು ಸೀಸನ್‌ಗಳಲ್ಲೂ ಪ್ರಶಸ್ತಿ ಹೋದದ್ದು ಮೊದಲೆರಡು ಸ್ಥಾನದವರಲ್ಲಿ ಒಬ್ಬರಿಗೇ.

ನಮ್ಮ ಬೆಂಗಳೂರು ಬುಲ್ಸ್ ತಂಡ 2022ರಲ್ಲಿ ಮೂರನೆಯ ಸ್ಥಾನದಲ್ಲಿತ್ತು. ಡಿಸೆಂಬರ್ 13ರಂದು ಎಲಿಮಿನೇಟರ್‌ನಲ್ಲಿ ದಬಂಗ್ ಡೆಲ್ಲಿಯನ್ನು 56–24ರಿಂದ ಹೊಡೆದು ಹಾಕಿತು. ಒಂದು ದಿನ ಬಿಟ್ಟು, 15ರಂದು, ಅದೇ ತಂಡ ಜೈಪುರ ಪಿಂಕ್ ಪ್ಯಾಂಥರ್ಸ್ ಎದುರು 29–49ರಿಂದ ಸೋತಿತು. ಅಗ್ರಸ್ಥಾನದ ಜೈಪುರಕ್ಕೆ 13ರಂದು ಆಟವೇ ಇರಲಿಲ್ಲ. ದಣಿವೇ ಕಾರಣವೋ, ಜೈಪುರ ನಿಜಕ್ಕೂ ಉತ್ತಮ ತಂಡವೋ? ಎರಡೂ ಇದ್ದೀತು. ಬೇರ್ಪಡಿಸಿ ಹೇಳುವುದು ಕಷ್ಟ.

ಕ್ರಿಕೆಟಿನಲ್ಲೂ ಹಾಗೆಯೇ. ಐಪಿಎಲ್‌ನಲ್ಲಿ 2011ರಿಂದ ಮೊದಲೆರಡು ಸ್ಥಾನದವರಿಗೆ ವಿಶೇಷ ಸವಲತ್ತು ಇದೆ. ಅಲ್ಲಿಂದ 2025ರವರೆಗಿನ ಹದಿನೈದು ಪ್ರಶಸ್ತಿಗಳಲ್ಲಿ ಹದಿನಾಲ್ಕನ್ನು ಅವರೇ ಗೆದ್ದಿದ್ದಾರೆ. ತಪ್ಪಿದ್ದು ಒಂದೇ ಸಲ, 2016ರಲ್ಲಿ. ಅದು ಕನ್ನಡಿಗರು ಮರೆಯಲು ಬಯಸುವ ರಾತ್ರಿ. ಆರ್‌ಸಿಬಿ ಮೇ 24ರಂದು ಗೆದ್ದು ಫೈನಲ್ ಸೇರಿ, ಬೆಂಗಳೂರಿನಲ್ಲಿಯೇ ವಿಶ್ರಾಂತಿಯಲ್ಲಿತ್ತು. ಸನ್‌ರೈಸರ್ಸ್ ಹೈದರಾಬಾದ್ 25ರಂದು ಮತ್ತು 27ರಂದು ದೆಹಲಿಯಲ್ಲಿ ಆಡಿ, ವಿಮಾನ ಹತ್ತಿ ಬಂದು 29ರಂದು ಎಂಟು ರನ್ನುಗಳಿಂದ ಗೆದ್ದಿತು. 2025ರಲ್ಲಿ ಇದೇ ನಾಟಕ ತಿರುವುಮುರುವಾಯಿತು. ಆರ್‌ಸಿಬಿ ಮೇ 29ರಂದು ಪಂಜಾಬನ್ನು ಸೋಲಿಸಿ ಜೂನ್ 3ರವರೆಗೆ ಕಾಯಿತು. ಪಂಜಾಬ್ ಜೂನ್ 1ರ ರಾತ್ರಿ ಮಳೆಯಿಂದ ತಡವಾಗಿ ಆರಂಭವಾದ ಇನ್ನೊಂದು ಪಂದ್ಯ ಆಡಿ ಫೈನಲ್‌ಗೆ ಬಂತು. ಈ ಬಾರಿ ಆರು ರನ್ನುಗಳಿಂದ ಗೆದ್ದದ್ದು ವಿಶ್ರಾಂತಿ ಪಡೆದವರು. ಎಂಟು ರನ್ನು, ಆರು ರನ್ನು. ಇಂಥ ಅಂತರದಲ್ಲಿ ವಿಶ್ರಾಂತಿಯ ಪಾಲು ಎಷ್ಟೆಂದು ಯಾವ ವಿಜ್ಞಾನಿಯೂ ಅಳೆದು ಕೊಡಲಾರ.

ಹದಿನೈದರಲ್ಲಿ ಹದಿನಾಲ್ಕು ಎಂದ ಕೂಡಲೇ "ಎಲ್ಲವೂ ವಿಶ್ರಾಂತಿಯ ಮಹಿಮೆ" ಎಂದು ತೀರ್ಮಾನಿಸುವುದೂ ತಪ್ಪು. ಮೊದಲ ಸ್ಥಾನಕ್ಕೆ ಬಂದ ತಂಡ ಸಾಮಾನ್ಯವಾಗಿ ಒಳ್ಳೆಯ ತಂಡವೇ ಆಗಿರುತ್ತದೆ. ವಿಶ್ರಾಂತಿ ಇಲ್ಲದೆಯೂ ಗೆಲ್ಲುತ್ತಿತ್ತೇನೋ. ಜೊತೆಗೆ ಐಪಿಎಲ್‌ನಲ್ಲಿ ಮೊದಲೆರಡು ಸ್ಥಾನದವರಿಗೆ ಒಮ್ಮೆ ಸೋತರೂ ಇನ್ನೊಂದು ಅವಕಾಶ ಇರುತ್ತದೆ. ಪ್ರಯೋಗಶಾಲೆಯಲ್ಲಾದರೆ ಉಳಿದೆಲ್ಲವನ್ನೂ ಸಮನಾಗಿಟ್ಟು ಒಂದನ್ನು ಮಾತ್ರ ಬದಲಿಸಿ ನೋಡಬಹುದು. ಮೈದಾನದಲ್ಲಿ ಆ ಸೌಲಭ್ಯ ಇಲ್ಲ.

ಬಾಸ್ಕೆಟ್‌ಬಾಲ್ ಹುಟ್ಟಿದ ಅಮೆರಿಕದಲ್ಲಿ ಈ ಚರ್ಚೆ ಇನ್ನೂ ಜೋರು. ಅಲ್ಲಿನ ಕೆಲವು ಕಾಲೇಜು ಟೂರ್ನಿಗಳಲ್ಲಿ ಮೊದಲ ನಾಲ್ಕು ಸ್ಥಾನದವರಿಗೆ ಒಂದಲ್ಲ, ಎರಡು ಬೈ. ಅವರು ಮೂರು ಪಂದ್ಯ ಗೆದ್ದರೆ ಸಾಕು, ಕೆಳಗಿನವರು ಐದು ಗೆಲ್ಲಬೇಕು. ಹಾಗಿದ್ದೂ 2011ರಲ್ಲಿ ಒಂಬತ್ತನೆಯ ಶ್ರೇಯಾಂಕದ ಕನೆಕ್ಟಿಕಟ್ ಐದು ದಿನಗಳಲ್ಲಿ ಐದು ಪಂದ್ಯ ಗೆದ್ದು ಬಿಗ್ ಈಸ್ಟ್ ಪ್ರಶಸ್ತಿ ಪಡೆಯಿತು. ಮುಂದೆ ರಾಷ್ಟ್ರೀಯ ಚಾಂಪಿಯನ್ನೂ ಆಯಿತು. 2024ರಲ್ಲಿ ಹತ್ತನೆಯ ಶ್ರೇಯಾಂಕದ ನಾರ್ತ್ ಕೆರೊಲಿನಾ ಸ್ಟೇಟ್ ಅಟ್ಲಾಂಟಿಕ್ ಕೋಸ್ಟ್ ಟೂರ್ನಿಯಲ್ಲಿ ಅದೇ ಸಾಹಸ ಮಾಡಿತು. ಇವೆರಡನ್ನು ತೋರಿಸಿ "ನೋಡಿ, ಮನಸ್ಸಿದ್ದರೆ ಆಗುತ್ತದೆ" ಎನ್ನುವವರು ಪುತ್ತೂರಿನಲ್ಲೂ ಸಿಗಬಹುದು. ಆದರೆ ಅವರು ಒಂದು ಮಾತನ್ನು ಮರೆಯುತ್ತಾರೆ. ಅಲ್ಲಿ ದಿನಕ್ಕೆ ಒಂದೇ ಪಂದ್ಯ. ಒಂದು ಆಟಕ್ಕೂ ಇನ್ನೊಂದಕ್ಕೂ ನಡುವೆ ಒಂದು ರಾತ್ರಿಯ ನಿದ್ರೆ ಇದೆ, ಎರಡು ಹೊತ್ತಿನ ಊಟ ಇದೆ. ನಮ್ಮ ಅಂತರಕಾಲೇಜು ಪಂದ್ಯಾಟಗಳಲ್ಲಿ ಎರಡು, ಕೆಲವೊಮ್ಮೆ ಮೂರು ಆಟಗಳು ಒಂದೇ ಹಗಲಿನಲ್ಲಿ ಮುಗಿಯುತ್ತವೆ. ಅಮೆರಿಕದವರ ಜಗಳ ದಿನಗಳದ್ದು, ನಮ್ಮದು ಗಂಟೆಗಳದ್ದು.

ಗಂಟೆಗಳಲ್ಲಿ ದೇಹಕ್ಕೆ ಏನಾಗುತ್ತದೆ

ಬಾಸ್ಕೆಟ್‌ಬಾಲ್ ಎಂದರೆ ಹತ್ತು ನಿಮಿಷಗಳ ನಾಲ್ಕು ಅವಧಿ. ನಲುವತ್ತು ನಿಮಿಷ ಎಂದರೆ ಕಡಿಮೆ ಎನಿಸಬಹುದು. ಆದರೆ ಈ ಆಟದಲ್ಲಿ ನಿಂತು ನೋಡುವ ಹೊತ್ತು ಇಲ್ಲ. ಓಟ, ನಿಲುಗಡೆ, ಜಿಗಿತ, ಮತ್ತೆ ಓಟ. ಈ ಸ್ಫೋಟಕ ಚಲನೆಗಳಿಗೆ ಬೇಕಾದ ಶಕ್ತಿ ಸ್ನಾಯುವಿನಲ್ಲಿರುವ ಫಾಸ್ಫೋಕ್ರಿಯಾಟಿನ್ ಎಂಬ ರಾಸಾಯನಿಕದಿಂದ ಬರುತ್ತದೆ. ಅದು ಬೇಗ ಖಾಲಿಯಾಗುತ್ತದೆ, ಬೇಗ ತುಂಬುತ್ತದೆ ಕೂಡ. ಮೂರರಿಂದ ಐದು ನಿಮಿಷ ಕುಳಿತರೆ ಬಹುಪಾಲು ಮರಳಿ ಬಂದಿರುತ್ತದೆ. ರಕ್ತದಲ್ಲಿ ಏರಿದ ಲ್ಯಾಕ್ಟೇಟ್ ಒಂದು ಗಂಟೆಯೊಳಗೆ ಹೆಚ್ಚುಕಡಿಮೆ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ, ಆಟ ಮುಗಿದ ಮೇಲೆ ಸ್ವಲ್ಪ ನಡೆದಾಡಿದರೆ ಇನ್ನೂ ಬೇಗ. ಕಷ್ಟ ಇರುವುದು ಗ್ಲೈಕೋಜನ್‌ನಲ್ಲಿ. ಸ್ನಾಯುವಿನಲ್ಲಿ ಕೂಡಿಟ್ಟ ಈ ಪಿಷ್ಟ ಖರ್ಚಾದರೆ, ಚೆನ್ನಾಗಿ ಉಂಡರೂ ಪೂರ್ತಿ ತುಂಬಲು ಸುಮಾರು ಒಂದು ದಿನ ಬೇಕು.

ಇದಕ್ಕೆ ನಮ್ಮ ಕರಾವಳಿಯ ಸೆಕೆ ಸೇರಿಕೊಳ್ಳುತ್ತದೆ. ತೆರೆದ ಸಿಮೆಂಟು ಅಂಗಣದಲ್ಲಿ ಗಂಟೆಗೆ ಒಂದು ಲೀಟರಿಗೂ ಹೆಚ್ಚು ಬೆವರು ಹೋಗುವುದುಂಟು. ಅರುವತ್ತು ಕಿಲೋ ತೂಗುವ ಹುಡುಗ ಒಂದು ಕಿಲೋ ಇನ್ನೂರು ಗ್ರಾಂನಷ್ಟು ನೀರು ಕಳೆದುಕೊಂಡರೆ ಅವನ ತೂಕದ ಶೇಕಡಾ ಎರಡು ಹೋದಂತೆ. ಆ ಮಟ್ಟಕ್ಕೆ ಬಂದಾಗ ಓಟವೂ ಕುಂದುತ್ತದೆ, ಗುರಿಯೂ ತಪ್ಪುತ್ತದೆ. ಇಪ್ಪತ್ತು ನಿಮಿಷದ ಬಿಡುವಿನಲ್ಲಿ ಒಂದೂಕಾಲು ಲೀಟರು ನೀರು ಕುಡಿದು ಮತ್ತೆ ಜಿಗಿಯಲು ಯಾರಿಂದಲೂ ಸಾಧ್ಯವಿಲ್ಲ. ಹೊಟ್ಟೆ ಕುಲುಕುತ್ತದೆ ಅಷ್ಟೆ. ಎರಡು-ಮೂರು ಗಂಟೆ ಸಿಕ್ಕರೆ ಕತೆಯೇ ಬೇರೆ. ಬೊಂಡದ ನೀರು, ಉಪ್ಪು ಹಾಕಿದ ಗಂಜಿತಿಳಿ, ಎರಡು ಬಾಳೆಹಣ್ಣು, ಸ್ವಲ್ಪ ಅವಲಕ್ಕಿ, ಅರ್ಧ ಗಂಟೆ ನೆರಳಿನಲ್ಲಿ ಕಾಲು ಚಾಚಿ ಮಲಗಿದರೆ ಪೂರ್ತಿ ಅಲ್ಲದಿದ್ದರೂ ಆಡುವಷ್ಟು ಚೇತರಿಕೆ ಆಗುತ್ತದೆ. (ಹೋಟೆಲಿಗೆ ಹೋಗಿ ಗೋಳಿಬಜೆ ತಿಂದು ಬಂದವರ ಮಾತು ಬೇರೆ.)

ಪುತ್ತೂರು ಮಹಾಲಿಂಗೇಶ್ವರ ದೇವಸ್ಥಾನದ ಗದ್ದೆಯಲ್ಲಿ ನಡೆಯುವ ಕೋಟಿ–ಚೆನ್ನಯ ಜೋಡುಕರೆ ಕಂಬಳ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಓಡಿ ಬಂದ ಕೋಣಗಳಿಗೆ ನೀರು ಹೊಯ್ದು, ಮೈ ಒರೆಸಿ, ಉಸಿರು ತಹಬಂದಿಗೆ ಬರುವವರೆಗೆ ಯಜಮಾನರು ಪಡುವ ಪಾಡು ಎಲ್ಲರಿಗೂ ಗೊತ್ತು. ಕಾಲೇಜು ಹುಡುಗರಿಗೆ ಹಾಗೆ ಕಾಳಜಿ ಮಾಡುವ ಯಜಮಾನರು ಮೈದಾನದಲ್ಲಿ ಕಡಿಮೆ.

ದಣಿವು ಎಲ್ಲ ತಂಡಗಳಿಗೂ ಒಂದೇ ಪ್ರಮಾಣದಲ್ಲಿ ತಟ್ಟುವುದಿಲ್ಲ ಎಂಬುದನ್ನೂ ಗಮನಿಸಬೇಕು. ನಿಯಮದಂತೆ ತಂಡದಲ್ಲಿ ಹನ್ನೆರಡು ಮಂದಿ ಇರಬಹುದು, ಅಂಗಣದಲ್ಲಿ ಐವರು, ಬದಲಾವಣೆಗೆ ಮಿತಿ ಇಲ್ಲ. ಕ್ರೀಡಾ ಹಾಸ್ಟೆಲ್ ಇರುವ ದೊಡ್ಡ ಕಾಲೇಜು ಹನ್ನೆರಡು ಮಂದಿಯನ್ನೂ ಕರೆತಂದು ಹತ್ತು ನಿಮಿಷಕ್ಕೊಮ್ಮೆ ಐವರನ್ನು ಬದಲಿಸಬಲ್ಲದು. ಹಳ್ಳಿ ಕಡೆಯ ಸಣ್ಣ ಕಾಲೇಜು ಏಳೆಂಟು ಮಂದಿಯಲ್ಲಿ ಸುಧಾರಿಸುತ್ತದೆ. ಅವರಲ್ಲೂ ಇಬ್ಬರು ವಾಲಿಬಾಲ್ ತಂಡದಿಂದ ಸಾಲ ತಂದವರು. ಬೈ ಸಿಗುವುದು ಸಾಮಾನ್ಯವಾಗಿ ಹನ್ನೆರಡು ಮಂದಿ ಇರುವವರಿಗೆ. ವಿಶ್ರಾಂತಿ ಹೆಚ್ಚು ಬೇಕಾದದ್ದು ಏಳು ಮಂದಿ ಇರುವವರಿಗೆ.

ಹಾಗಾದರೆ ಬೈಯನ್ನು ಚೀಟಿ ಎತ್ತಿಯೇ ಹಂಚಬಹುದಲ್ಲ? ಹಂಚಬಹುದು. ಆದರೆ ಶ್ರೇಯಾಂಕಕ್ಕೂ ಅದರದೇ ಆದ ನ್ಯಾಯ ಇದೆ. ಎರಡು ಅತ್ಯುತ್ತಮ ತಂಡಗಳು ಬೆಳಿಗ್ಗೆ ಒಂಬತ್ತಕ್ಕೇ ಎದುರಾದರೆ ಒಂದು ಮನೆಗೆ ಹೋಗುತ್ತದೆ, ಸಂಜೆಯ ಫೈನಲ್ ಸಪ್ಪೆಯಾಗುತ್ತದೆ. ಚೆನ್ನಾಗಿ ಆಡಿದವರಿಗೆ ಏನಾದರೂ ಪ್ರತಿಫಲ ಇರಬೇಕೆನ್ನುವುದೂ ಸರಿಯೇ. ತಕರಾರು ಇರುವುದು "ಚೆನ್ನಾಗಿ ಆಡಿದ್ದು ಯಾವಾಗ?" ಎಂಬಲ್ಲಿ. ಐಪಿಎಲ್, ಪ್ರೊ ಕಬಡ್ಡಿ, ಅಮೆರಿಕದ ಕಾಲೇಜು ಟೂರ್ನಿಗಳಲ್ಲಿ ಶ್ರೇಯಾಂಕ ಬರುವುದು ಅದೇ ವರ್ಷ ಆಡಿದ ಪಂದ್ಯಗಳಿಂದ. ಇಲ್ಲಿ ಸಾಮಾನ್ಯವಾಗಿ ಹಿಂದಿನ ವರ್ಷದ ವಿಜೇತರಿಗೆ, ದ್ವಿತೀಯ ಸ್ಥಾನಿಗಳಿಗೆ ಈ ವರ್ಷದ ಶ್ರೇಯಾಂಕ. ಮೂರು ವರ್ಷದ ಡಿಗ್ರಿಯಲ್ಲಿ ಪ್ರತಿ ವರ್ಷ ತಂಡದ ಮೂರನೆಯ ಒಂದು ಭಾಗ ಮುಗಿಸಿ ಹೋಗುತ್ತದೆ. ಕಪ್ಪು ಗೆದ್ದ ಹುಡುಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿರುತ್ತಾನೆ, ಅವನು ಗಳಿಸಿದ ಬೈ ಮಾತ್ರ ಕಾಲೇಜಿನ ಹೆಸರಿನಲ್ಲಿ ಉಳಿದಿರುತ್ತದೆ. ಕಡಬದ ಹುಡುಗ ಅದಕ್ಕೆ ಬೆವರು ಸುರಿಸಬೇಕಾಗುತ್ತದೆ.

ಇದೆಲ್ಲ ಒಂದು ಕಪ್ಪಿನ ವಿಷಯ ಮಾತ್ರ ಎಂದು ಹೆತ್ತವರು ತಿಳಿಯಬಾರದು. ವಿಶ್ವವಿದ್ಯಾನಿಲಯದ ತಂಡಕ್ಕೆ ಆಟಗಾರರನ್ನು ಆರಿಸುವವರ ಕಣ್ಣಿಗೆ ಬೀಳುವುದು ಅಂತರಕಾಲೇಜು ಪಂದ್ಯಗಳಲ್ಲಿ. ಅಲ್ಲಿಂದ ಮುಂದೆ ಹೋದವರಿಗೆ ಸಿಗುವ ಪ್ರಮಾಣಪತ್ರ ಮುಂದಿನ ಓದಿಗೆ, ಕ್ರೀಡಾ ಮೀಸಲಾತಿಯ ಕೆಲಸಕ್ಕೆ ನೆರವಾಗುತ್ತದೆ. ಎರಡನೆಯ ಪಂದ್ಯದಲ್ಲಿ ಕಾಲು ಸೋತು ಹೊರಬಿದ್ದವನನ್ನು ಸಂಜೆ ಬರುವ ಆಯ್ಕೆಗಾರರು ನೋಡುವುದೇ ಇಲ್ಲ.

ಪರಿಹಾರ ದುಬಾರಿಯಲ್ಲ. ಮತ್ತೆ ಆ ಹನ್ನೊಂದು ತಂಡಗಳನ್ನೇ ತೆಗೆದುಕೊಳ್ಳಿ; ಒಂದೇ ಅಂಗಣ, ಪಂದ್ಯಕ್ಕೆ ಒಂದು ಗಂಟೆ. ಮೊದಲ ಸುತ್ತಿನ ಮೂರು ಪಂದ್ಯಗಳು ಒಂಬತ್ತು, ಹತ್ತು, ಹನ್ನೊಂದಕ್ಕೆ. ಹನ್ನೆರಡಕ್ಕೆ ಕ್ವಾರ್ಟರ್‌ಫೈನಲ್ ಶುರು. ಆಗ ಹೆಚ್ಚಾಗಿ ಕೇಳುವ ಮಾತು, "ಈಗಷ್ಟೇ ಗೆದ್ದವರು ಇಲ್ಲೇ ಇದ್ದಾರೆ, ಅವರ ಎದುರಾಳಿಯೂ ಬಂದಾಗಿದೆ, ಆಡಿಸಿಬಿಡಿ." ಗೆದ್ದವರಿಗೆ ನೀರು ಕುಡಿಯುವಷ್ಟು ಹೊತ್ತೂ ಸಿಗುವುದಿಲ್ಲ. ಆದರೆ ಲೆಕ್ಕ ನೋಡಿ: ಬೈ ಪಡೆದ ಐದು ತಂಡಗಳಲ್ಲಿ ಮೂರು, ಮೊದಲ ಸುತ್ತು ಗೆದ್ದವರನ್ನು ಎದುರಿಸುತ್ತವೆ. ಉಳಿದ ಎರಡು ಪರಸ್ಪರ ಆಡುತ್ತವೆ. ಬೆಳಿಗ್ಗೆಯಿಂದ ಯಾರೂ ಆಡದ ಆ ಎರಡು ತಂಡಗಳನ್ನು ಹನ್ನೆರಡಕ್ಕೆ ಇಳಿಸಿದರೆ ಆಯಿತು. ಒಂಬತ್ತರ ವಿಜೇತರು ಒಂದು ಗಂಟೆಗೆ, ಹತ್ತರವರು ಎರಡಕ್ಕೆ, ಹನ್ನೊಂದರವರು ಮೂರಕ್ಕೆ. ಮೂವರಿಗೂ ಸರಿಯಾಗಿ ಮೂರು ಗಂಟೆ ಬಿಡುವು. ಖರ್ಚು ಒಂದು ಪೈಸೆಯೂ ಇಲ್ಲ, ಯಾರ ಬೈಯೂ ಹೋಗುವುದಿಲ್ಲ, ಪಂದ್ಯಾಟ ಮುಗಿಯುವ ಹೊತ್ತೂ ಬದಲಾಗುವುದಿಲ್ಲ. ಸೆಮಿಫೈನಲ್ ಮುಗಿದು ಫೈನಲ್‌ಗೆ ಮುನ್ನ ಒಂದು ಗಂಟೆ ಬೇಕೆಂದಾದರೆ ಅತಿಥಿಗಳ ಭಾಷಣವನ್ನು ಅಲ್ಲಿ ಇಡಬಹುದು. ಭಾಷಣದಿಂದ ಆಟಗಾರರಿಗೆ ಉಪಕಾರವಾಗುವ ಅಪರೂಪದ ಸಂದರ್ಭ ಅದು.

ಎರಡು ದಿನ ಅಂಗಣ ಸಿಗುವುದಾದರೆ ಇನ್ನೂ ಒಳ್ಳೆಯ ದಾರಿ ಇದೆ. ಹನ್ನೆರಡು ತಂಡಗಳಿದ್ದರೆ ಮೂರು ಮೂರರ ನಾಲ್ಕು ಗುಂಪು ಮಾಡಿ ಲೀಗ್ ಆಡಿಸಿ, ಗುಂಪಿನ ಮೊದಲಿಗರನ್ನು ಸೆಮಿಫೈನಲ್‌ಗೆ ತರಬಹುದು. ನಾಕೌಟ್‌ನಲ್ಲಿ ಹನ್ನೊಂದು ಪಂದ್ಯ, ಇದರಲ್ಲಿ ಹದಿನೈದು. ನಾಲ್ಕು ಪಂದ್ಯ ಹೆಚ್ಚಾದರೂ ಬೈ ಎಂಬ ಮಾತೇ ಇಲ್ಲ, ಸುಬ್ರಹ್ಮಣ್ಯದಿಂದಲೋ ರಾಮಕುಂಜದಿಂದಲೋ ಬಸ್ಸು ಹತ್ತಿ ಬಂದವರು ಕನಿಷ್ಠ ಎರಡು ಆಟ ಆಡಿಯೇ ಹೋಗುತ್ತಾರೆ. ತೊಂದರೆ ಎಂದರೆ ರಾತ್ರಿಯ ವಸತಿ. ಹುಡುಗಿಯರ ತಂಡಗಳಿಗಂತೂ ಅದು ದೊಡ್ಡ ಪ್ರಶ್ನೆ. ಕತ್ತಲಾಗುವ ಮೊದಲು ಮನೆ ಸೇರಬೇಕೆಂದು ಅವರ ಪಂದ್ಯಗಳನ್ನು ಒಂದರ ಬೆನ್ನಿಗೆ ಒಂದರಂತೆ ಮುಗಿಸಿಬಿಡುವುದುಂಟು. ಕೊನೆಯ ಬಸ್ಸಿನ ಹೆದರಿಕೆಯಿಂದ ಅವರ ವಿಶ್ರಾಂತಿ ಇನ್ನಷ್ಟು ಮೊಟಕಾಗುತ್ತದೆ. ಅವರ ಪಂದ್ಯಗಳನ್ನೇ ಬೆಳಿಗ್ಗೆ ಮೊದಲು ಇಟ್ಟು, ನಡುನಡುವೆ ಹುಡುಗರ ಆಟ ಸೇರಿಸಿದರೆ ಬಸ್ಸೂ ಸಿಗುತ್ತದೆ, ಬಿಡುವೂ ಸಿಗುತ್ತದೆ.

ಇಷ್ಟೆಲ್ಲ ನಿರ್ಧಾರವಾಗುವುದು ಪಂದ್ಯಾಟದ ದಿನ ಅಲ್ಲ, ಅದಕ್ಕೆ ಮುಂಚೆ ಚೀಟಿ ಎತ್ತುವ ಸಭೆಯಲ್ಲಿ. ದೂರದ ಕಾಲೇಜುಗಳಿಂದ ಅಲ್ಲಿಗೆ ಬರುವವರು ಕಡಿಮೆ. ತರಗತಿ ಇರುತ್ತದೆ, ಪರೀಕ್ಷೆಯ ಕೆಲಸ ಇರುತ್ತದೆ, ಒಂದು ಕಾಗದಕ್ಕಾಗಿ ಗಂಟೆಗಟ್ಟಲೆ ಬಸ್ಸಿನಲ್ಲಿ ಕುಳಿತು ಹೋಗುವುದೇಕೆ ಎನಿಸುತ್ತದೆ. ಬಂದ ನಾಲ್ಕೈದು ಕಾಲೇಜಿನವರು ಚಹಾ ಕುಡಿದು, ಚೀಟಿ ಎತ್ತಿ, ಯಾರ ಎದುರು ಯಾರು ಎಂದು ಬರೆದುಕೊಂಡು ಹೊರಡುತ್ತಾರೆ. ಎಷ್ಟು ಗಂಟೆಗೆ ಎಂಬ ಅಂಕಣ ಆ ಹಾಳೆಯಲ್ಲಿ ಖಾಲಿಯೇ ಇರುತ್ತದೆ. ಅದನ್ನು ತುಂಬುವುದು ಪಂದ್ಯಾಟದ ದಿನ ಬೆಳಿಗ್ಗೆ, ಸ್ಕೋರರ್ ಮೇಜಿನ ಬಳಿ, ಪೆನ್ಸಿಲಿನಲ್ಲಿ. ಕಡಬದ ಹುಡುಗ ಆ ಹೊತ್ತಿಗೆ ಬಸ್ಸಿನಿಂದ ಇಳಿದು ಶೂ ಕಟ್ಟಿಕೊಳ್ಳುತ್ತಿರುತ್ತಾನೆ.